ನಪಾಸಾದ ರಾಜಕುಮಾರ, ಫಸ್ಟ್ ಕ್ಲಾಸ್ ವಕೀಲ

ಪರದೇಶಕ್ಕೆ ಓದಲು ಹೋದವರು ಬರೆದ ಪುಸ್ತಕಗಳನ್ನು ನಮ್ಮ ಜನ ಆಸೆಪಟ್ಟು ಓದುತ್ತಾರೆ. ಹಡಗಿನ ಪ್ರಯಾಣ, ಮೊದಲ ಸಲ ಕಂಡ ಹಿಮ, ಆಕಾಶ ಮುಟ್ಟುವ ಗೋಪುರಗಳು, ರಜೆಯಲ್ಲಿ ಸುತ್ತಿದ ಊರುಗಳು ಒಂದಾದ ಮೇಲೊಂದು ಬರುತ್ತವೆ. ಓದುಗನಿಗೆ ಟಿಕೆಟ್ಟಿಲ್ಲದೆ ಲಂಡನ್ ನೋಡಿ ಬಂದ ತೃಪ್ತಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ಕುಳಿತು ಇಪ್ಪತ್ತು ವರ್ಷ ಪ್ರಯಾಣ ಭತ್ಯೆಯ ಬಿಲ್ಲುಗಳನ್ನು ನೋಡಿದ ನಮ್ಮಂಥವರಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಹೋದವನು ಏನೇನು ಕಂಡ ಎಂಬುದಕ್ಕಿಂತ ಯಾರ ಖರ್ಚಿನಲ್ಲಿ ಹೋದ, ಹೋದ ಕೆಲಸ ಆಯಿತೇ, ಆಗದಿದ್ದರೆ ಮನೆಗೆ ಏನೆಂದು ಬರೆದ ಎಂಬ ಕಡೆಗೇ ಕಣ್ಣು ಓಡುತ್ತದೆ. ವಿದ್ಯಾರ್ಥಿಯ ವಿದೇಶ ವೃತ್ತಾಂತವನ್ನು ತೂಗಲು ಈ ತಕ್ಕಡಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮಲೇಷಿಯಾದ ಕಡೆಯಿಂದ ಬಂದ ಎರಡು ವೃತ್ತಾಂತಗಳನ್ನು ಮುಂದಿಟ್ಟುಕೊಂಡು ಹೇಳುತ್ತೇವೆ.

ಮೊದಲನೆಯದು ತುಂಕು ಅಬ್ದುಲ್ ರಹಮಾನ್ ಅವರದು. 'ತುಂಕು' ಎಂದರೆ ಮಲಯ ಭಾಷೆಯಲ್ಲಿ ರಾಜಮನೆತನದವರಿಗೆ ಸಲ್ಲುವ ಬಿರುದು. 1957ರಲ್ಲಿ ಮಲಯ ಸ್ವತಂತ್ರವಾದಾಗ ಅವರೇ ಮೊದಲ ಪ್ರಧಾನಿ. 1963ರಲ್ಲಿ ಮಲೇಷಿಯಾ ರಚನೆಯಾದಾಗಲೂ ಅವರೇ. 1970ರವರೆಗೆ ಆ ಪದವಿಯಲ್ಲಿದ್ದರು. ಅಧಿಕಾರ ಬಿಟ್ಟ ಮೇಲೆ ಪತ್ರಿಕೆಯೊಂದಕ್ಕೆ ಸೋಮವಾರದ ಅಂಕಣ ಬರೆದರು. ಅವು 1977ರಲ್ಲಿ 'ಲುಕಿಂಗ್ ಬ್ಯಾಕ್' ಎಂಬ ಪುಸ್ತಕವಾದವು. ಅದಕ್ಕೂ ಮುಂಚೆ 1959ರಲ್ಲಿ ಹ್ಯಾರಿ ಮಿಲ್ಲರ್ ಎಂಬ ಪತ್ರಕರ್ತರು ಅವರ ಜೀವನ ಚರಿತ್ರೆಯನ್ನು ಬರೆದಿದ್ದರು. ತಮ್ಮ ವಿದ್ಯಾರ್ಥಿ ದಿನಗಳ ಬಗ್ಗೆ ತುಂಕು ಅಂಕಣದಲ್ಲೂ ಭಾಷಣಗಳಲ್ಲೂ ಚರಿತ್ರೆಕಾರರ ಮುಂದೆಯೂ ಹೇಳಿಕೊಂಡದ್ದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನಾವು ಇಲ್ಲಿ ಒಂದೇ ವೃತ್ತಾಂತವೆಂದು ಎಣಿಸಿದ್ದೇವೆ.

ಎರಡನೆಯದು ಲೀ ಕುವಾನ್ ಯೂ ಅವರು 1998ರಲ್ಲಿ ಪ್ರಕಟಿಸಿದ 'ದಿ ಸಿಂಗಪುರ ಸ್ಟೋರಿ'. ಲೀ ಸಿಂಗಪುರದವರಲ್ಲವೇ ಎಂದು ವಾಚಕರು ಕೇಳಬಹುದು. ನಿಜ. ಆದರೆ ಅವರು ಇಂಗ್ಲೆಂಡಿನಲ್ಲಿ ಓದುತ್ತಿದ್ದ 1940ರ ದಶಕದಲ್ಲಿ ಸಿಂಗಪುರದ ಹುಡುಗರೂ ಮಲಯದ ಹುಡುಗರೂ ಲಂಡನ್ನಿನಲ್ಲಿ ಒಂದೇ ಚಾವಡಿಯಲ್ಲಿ ಕೂಡುತ್ತಿದ್ದರು, ತಮ್ಮನ್ನು ಮಲಯದವರೆಂದೇ ಕರೆದುಕೊಳ್ಳುತ್ತಿದ್ದರು. 1963ರಿಂದ 65ರವರೆಗೆ ಸಿಂಗಪುರ ಮಲೇಷಿಯಾದಲ್ಲೇ ಇತ್ತು. ಹೀಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯವಲ್ಲ.

ತುಂಕು ಹುಟ್ಟಿದ್ದು 1903ರಲ್ಲಿ, ಕೆಡಾ ಸಂಸ್ಥಾನದ ಅಲೋರ್ ಸೆತಾರ್‌ನಲ್ಲಿ, ಸುಲ್ತಾನರ ಮಗ. ಬ್ಯಾಂಕಾಕಿನಲ್ಲೂ ಪೆನಾಂಗಿನಲ್ಲೂ ಶಾಲೆ ಕಲಿತು, ಮೊದಲನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಕೆಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್‌ನ ಸೇಂಟ್ ಕ್ಯಾಥರಿನ್ಸ್ ಕಾಲೇಜಿನಲ್ಲಿ ಓದಿ 1925ರಲ್ಲಿ ಬಿ.ಎ. ಮಾಡಿದರು. ಆಮೇಲೆ ಬ್ಯಾರಿಸ್ಟರ್ ಆಗಬೇಕೆಂದು ಇನ್ನರ್ ಟೆಂಪಲ್ ಸೇರಿದರು. ಅಲ್ಲಿಂದ ಶುರುವಾಯಿತು ನೋಡಿ ಕಥೆ. ಕಾನೂನು ಪರೀಕ್ಷೆ ಪಾಸಾಗಲಿಲ್ಲ. 1931ರಲ್ಲಿ ಬ್ಯಾರಿಸ್ಟರ್ ಪದವಿ ಇಲ್ಲದೆಯೇ ಊರಿಗೆ ಮರಳಿ ಕೆಡಾದ ಆಡಳಿತ ಸೇವೆಯಲ್ಲಿ ಕೆಳಗಿನ ಮೆಟ್ಟಿಲಿನಿಂದ ಕೆಲಸ ಹಿಡಿದರು. 1938ರಲ್ಲಿ ಮತ್ತೆ ಹೋದರು, ಎರಡನೆಯ ಮಹಾಯುದ್ಧ ಬಂದು ಓದು ನಿಂತಿತು. ಯುದ್ಧ ಮುಗಿದ ಮೇಲೆ ಮೂರನೆಯ ಸಲ ಹೋಗಿ, ಅಂತೂ ಬ್ಯಾರಿಸ್ಟರ್ ಆಗುವ ಹೊತ್ತಿಗೆ 1949 ಬಂದಿತ್ತು. ವಯಸ್ಸು ನಲವತ್ತೈದರ ಆಸುಪಾಸು. ಆ ವಯಸ್ಸಿಗೆ ನಮ್ಮಲ್ಲಿ ಜನ ಮಗಳ ಮದುವೆಗೆ ಭವಿಷ್ಯ ನಿಧಿಯಿಂದ ಸಾಲ ತೆಗೆಯಲು ಅರ್ಜಿ ಬರೆಯುತ್ತಿರುತ್ತಾರೆ.

ಈ ವಿಳಂಬವನ್ನು ತುಂಕು ಎಲ್ಲಿಯೂ ಮುಚ್ಚಿಡಲಿಲ್ಲ. ಕೇಂಬ್ರಿಜ್‌ನಲ್ಲಿ ರೈಲಿ ಕಂಪನಿಯ ಸ್ಪೋರ್ಟ್ಸ್ ಕಾರು ಓಡಿಸಿದ್ದು, ವೇಗದ ಹುಚ್ಚು, ಕುದುರೆ ನಾಯಿಗಳ ಓಟದ ಹುಚ್ಚು, ಪುಸ್ತಕ ಮುಟ್ಟದೆ ಕಳೆದ ದಿನಗಳು, ಎಲ್ಲವನ್ನೂ ಬಾಯಿತುಂಬ ನಗುತ್ತಾ ಹೇಳಿದರು. ಪ್ರಧಾನಿಯಾದ ಮೇಲೂ ಹೇಳಿದರು. ಅವರ ಗದ್ಯ ಜಗಲಿಯ ಮೇಲೆ ಕುಳಿತ ಹಿರಿಯರ ಹರಟೆಯಂಥದು. ಒಂದು ಮಾತಿನಿಂದ ಇನ್ನೊಂದಕ್ಕೆ ಹಾರುತ್ತದೆ, ಇಸವಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಸ್ತಿನ ಓದುಗನಿಗೆ ಇದರಿಂದ ಕಿರಿಕಿರಿಯಾದೀತು. ಆದರೆ ದೇಶ ಕಟ್ಟಿದ ದೊಡ್ಡ ಮನುಷ್ಯನೊಬ್ಬ, ನಾನು ಓದಿನಲ್ಲಿ ದಡ್ಡನಲ್ಲದಿದ್ದರೂ ಸೋಮಾರಿಯಾಗಿದ್ದೆ, ಪರೀಕ್ಷೆಯಲ್ಲಿ ಬಿದ್ದೆ, ಮತ್ತೆ ಬಿದ್ದೆ ಎಂದು ಬಹಿರಂಗವಾಗಿ ಒಪ್ಪಿಕೊಳ್ಳುವುದನ್ನು ನಾವು ಎಷ್ಟು ಆತ್ಮಕಥೆಗಳಲ್ಲಿ ಕಂಡಿದ್ದೇವೆ? ಈ ಒಂದು ಗುಣಕ್ಕಾಗಿಯೇ ಅವರ ವೃತ್ತಾಂತ ಉಳಿಯುತ್ತದೆ.

ಇನ್ನೊಂದು ಪ್ರಸಂಗವಿದೆ. ಸೇಂಟ್ ಕ್ಯಾಥರಿನ್ಸ್ ಕಾಲೇಜಿನ ಆವರಣದಲ್ಲೇ ವಾಸಕ್ಕೆ ಕೋಣೆ ಬೇಕೆಂದು ಕೇಳಿದಾಗ, ಈ ಕಾಲೇಜು ಕಟ್ಟಿದ್ದು ಇಂಗ್ಲಿಷ್ ಹುಡುಗರಿಗಾಗಿ ಎಂಬ ಅರ್ಥದ ಉತ್ತರ ಬಂತು. ತಮ್ಮ ನೆಲದಲ್ಲಿ ಬ್ರಿಟಿಷರಿಂದಲೂ ಮರ್ಯಾದೆ ಕಂಡಿದ್ದ ರಾಜಕುಮಾರನಿಗೆ ಮೊದಲ ಸಲ ಬಣ್ಣದ ಲೆಕ್ಕ ತಿಳಿದದ್ದು ಅಲ್ಲಿ. ಮುಂದೆ ಲಂಡನ್ನಿನಲ್ಲಿ ಮಲಯ ವಿದ್ಯಾರ್ಥಿಗಳ ಸಂಘ ಕಟ್ಟಿ ಅದರ ಕಾರ್ಯದರ್ಶಿಯಾದರು. ಸ್ಪೋರ್ಟ್ಸ್ ಕಾರಿನ ಬಗ್ಗೆ ಉದಾರವಾಗಿ ಮಾತಾಡುವ ತುಂಕು ಈ ಕೋಣೆಯ ಪ್ರಸಂಗವನ್ನು ಮಾತ್ರ ಚುಟುಕಾಗಿ ಹೇಳಿ ಮುಂದೆ ಹೋಗುತ್ತಾರೆ. ಮಾತು ಚಿಕ್ಕದಾದಷ್ಟೂ ಅದು ನೆಟ್ಟ ಜಾಗ ಆಳವಾಗಿತ್ತೆಂದು ನಮಗೆ ಅನಿಸುತ್ತದೆ.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ತುಂಕು ಅವರ ನಗೆಯಲ್ಲಿ ಒಂದು ಅಂಕಣ ಖಾಲಿ ಬಿಟ್ಟಿದೆ: ಖರ್ಚಿನ ಅಂಕಣ. ಕೆಡಾ ಎಂದರೆ ಭತ್ತದ ಸೀಮೆ. ಇವತ್ತಿಗೂ ಅದನ್ನು ಮಲೇಷಿಯಾದ ಅಕ್ಕಿಯ ಕಣಜ ಎನ್ನುತ್ತಾರೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡಿದವರ ನಾಡಿನ ಬೊಕ್ಕಸದಿಂದ ವಿದ್ಯಾರ್ಥಿವೇತನ ಹೋಗಿತ್ತು. ಆ ರೈತನ ಮಗ ಅದೇ ಪರೀಕ್ಷೆಯಲ್ಲಿ ಬಿದ್ದಿದ್ದರೆ ಎರಡನೆಯ ಸಲ, ಮೂರನೆಯ ಸಲ ಹಡಗು ಹತ್ತಿಸುವವರು ಯಾರಿದ್ದರು? ಸುಲ್ತಾನರ ಮಗ ನಪಾಸಾದರೆ ಅದು ತಮಾಷೆಯ ಕಥೆ. ಗುಮಾಸ್ತೆಯ ಮಗ ನಪಾಸಾದರೆ ಅದು ಮನೆಯ ಅಡವಿನ ಕಥೆ. ಈ ವ್ಯತ್ಯಾಸವನ್ನು ತುಂಕು ಅರಿಯದವರಲ್ಲ. ಆದರೂ ತಮ್ಮ ನಗೆಯ ಬೆಲೆ ತೆತ್ತವರ ಕಡೆಗೆ ಅವರ ಬರಹ ತಿರುಗಿ ನೋಡುವುದು ಸಾಲದು.

ಈಗ ಲೀ ಅವರ ಪುಸ್ತಕಕ್ಕೆ ಬರೋಣ. ಇಲ್ಲಿ ಎಲ್ಲ ಅಂಕಣಗಳೂ ಭರ್ತಿಯಾಗಿವೆ. ಹೋದದ್ದು ಯಾವ ಹಡಗಿನಲ್ಲಿ, ಯಾವ ತಿಂಗಳು: 'ಬ್ರಿಟಾನಿಕ್', 1946ರ ಸೆಪ್ಟೆಂಬರ್. ಮರಳಿದ್ದು 1950ರ ಆಗಸ್ಟಿನಲ್ಲಿ, 'ವಿಲೆಮ್ ರೌಸ್' ಎಂಬ ಡಚ್ ಹಡಗಿನಲ್ಲಿ. ಜಪಾನೀಯರ ಆಳ್ವಿಕೆಯ ಕಾಲದಲ್ಲಿ ಅಂಟು ತಯಾರಿಸಿ ಮಾರಿ ಬದುಕಿದ ಹುಡುಗ ಅವರು. ಹಣ ಹೇಗೆ ಬರುತ್ತದೆಂದು ಬಲ್ಲವರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಒಂದು ಅವಧಿ ಕಳೆದು, ಆ ಊರಿನ ಗದ್ದಲ ತಡೆಯಲಾರದೆ ಕೇಂಬ್ರಿಜ್‌ಗೆ ಹೋಗಿ, ಕಾನೂನಿನಲ್ಲಿ ಮೊದಲ ದರ್ಜೆ ಪಡೆದರು. ಯುದ್ಧ ಮುಗಿದ ಇಂಗ್ಲೆಂಡಿನ ಪಡಿತರ, ಚಳಿ, ಒಬ್ಬಂಟಿ ಕೋಣೆಯಲ್ಲಿ ತಾನೇ ಬೇಯಿಸಿಕೊಳ್ಳಬೇಕಾದ ಊಟ, ಇವುಗಳ ವಿವರ ಅಲ್ಲಿದೆ. ಬಾಡಿಗೆ ಕೋಣೆ ಹುಡುಕುವಾಗ ಫೋನಿನಲ್ಲೇ ತಾನು ಚೀನೀಯನೆಂದು ಮೊದಲೇ ತಿಳಿಸಿಬಿಡುತ್ತಿದ್ದರಂತೆ. 'ಲೀ' ಎಂಬ ಹೆಸರು ಇಂಗ್ಲಿಷರಲ್ಲೂ ಉಂಟು. ಬಾಗಿಲಿಗೆ ಹೋದ ಮೇಲೆ ಮುಖ ನೋಡಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಫೋನಿನಲ್ಲೇ ಮುಗಿಯಲಿ ಎಂಬ ಎಣಿಕೆ. ಊರು ಬಿಟ್ಟು ಬಂದು ಮನೆ ಹುಡುಕಿದ ಯಾರಿಗಾದರೂ, ಹೆಸರು ಕೇಳಿ, ಊಟ ಏನೆಂದು ಕೇಳಿ ಆಮೇಲೆ ಬಾಡಿಗೆ ಹೇಳುವ ಮಾಲೀಕರನ್ನು ಕಂಡವರಿಗಾದರೂ, ಈ ಎಣಿಕೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಲೀ ಅವರ ಪುಸ್ತಕದಲ್ಲಿ ನಗುವಿಗೆ ಜಾಗವಿಲ್ಲ. ಕಂಡದ್ದೆಲ್ಲವೂ ಪಾಠವಾಗಬೇಕು, ಭೇಟಿಯಾದವರಿಗೆಲ್ಲ ಅಂಕ ಬೀಳಬೇಕು. ಓದುತ್ತಾ ಹೋದರೆ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರ ಮುಂದೆ ಕುಳಿತ ಅನುಭವ. ಬರೆಯುವಾಗ ಅವರಿಗೆ ಎಪ್ಪತ್ತು ದಾಟಿತ್ತು, ಒಂದು ರಾಷ್ಟ್ರವನ್ನು ಕಟ್ಟಿ ಮುಗಿಸಿದ್ದರು. ಆ ಎತ್ತರದಿಂದ ಹಿಂದೆ ನೋಡಿದಾಗ ಇಪ್ಪತ್ತಮೂರರ ಹುಡುಗನೂ ಆಗಲೇ ಪ್ರಧಾನಿಯಂತೆಯೇ ಕಾಣುತ್ತಾನೆ. ದಾರಿ ತಪ್ಪಿದ, ಹೆದರಿದ, ಸುಮ್ಮನೆ ಕಾಲ ಕಳೆದ ವಿದ್ಯಾರ್ಥಿ ಆ ಪುಟಗಳಲ್ಲಿ ಅಪರೂಪ.

ಇಷ್ಟಾದರೂ ಪುಸ್ತಕದ ಒಂದು ಸಂಗತಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. 1947ರ ಡಿಸೆಂಬರಿನಲ್ಲಿ ಲೀ ಅವರೂ, ಕ್ವಾ ಗಿಯೋಕ್ ಚೂ ಅವರೂ ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಗುಟ್ಟಾಗಿ ಮದುವೆಯಾದರು. ಆಕೆಯೂ ಕೇಂಬ್ರಿಜ್‌ನ ವಿದ್ಯಾರ್ಥಿನಿ, ಸರ್ಕಾರದ ದೊಡ್ಡ ವಿದ್ಯಾರ್ಥಿವೇತನ ಗೆದ್ದು ಬಂದವರು. ತಂದೆತಾಯಿಗಳಿಗೆ ತಿಳಿಸಲಿಲ್ಲ. 1950ರಲ್ಲಿ ಸಿಂಗಪುರಕ್ಕೆ ಮರಳಿದ ಮೇಲೆ ಎಲ್ಲರೆದುರು ಮತ್ತೊಂದು ಸಲ ಮದುವೆಯಾದರು. ಮೊದಲ ಮದುವೆಯ ವಿಷಯ ಲೋಕಕ್ಕೆ ತಿಳಿದದ್ದು 1998ರ ಈ ಪುಸ್ತಕದಿಂದ. ಅಂದರೆ ಐವತ್ತು ವರ್ಷ ಕಳೆದ ಮೇಲೆ!

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಪಾಸಾದವರು ನಪಾಸಾದದ್ದನ್ನು ನಗುನಗುತ್ತಾ ಹೇಳಿದರು. ಎಲ್ಲದರಲ್ಲೂ ಗೆದ್ದವರು ತಮ್ಮ ಬಾಳಿನ ಅತ್ಯಂತ ಸಂತೋಷದ ಸಂಗತಿಯನ್ನೂ ಅರ್ಧ ಶತಮಾನ ಮುಚ್ಚಿಟ್ಟರು. ಇದು ಸ್ವಭಾವದ ಭೇದ ಮಾತ್ರವಲ್ಲ ಎಂಬುದು ನಮ್ಮ ವಾದ. ಮನಸ್ಸು ಬಿಚ್ಚಿ ಹೇಳುವುದಕ್ಕೂ ಒಂದು ಬಗೆಯ ಶ್ರೀಮಂತಿಕೆ ಬೇಕು. ಬಿದ್ದರೆ ಎತ್ತುವವರಿದ್ದಾರೆ ಎಂಬ ಧೈರ್ಯ ತುಂಕು ಅವರಿಗಿತ್ತು, ಆದ್ದರಿಂದ ಹೇಳಿದರು. ಎಡವಿದರೆ ಆಕೆಯ ವಿದ್ಯಾರ್ಥಿವೇತನಕ್ಕೂ ಮನೆಯವರ ನಂಬಿಕೆಗೂ ಕುತ್ತು ಬಂದೀತೆಂಬ ಭಯವಿದ್ದ ಕಡೆ ಬಾಯಿ ಕಟ್ಟಿತು. ವಿದೇಶದಿಂದ ಬರುವ ಸುದ್ದಿಯಲ್ಲಿ ಸತ್ಯ ಎಷ್ಟಿರುತ್ತದೆ ಎಂಬುದನ್ನು ಬರೆಯುವವನಿಗಿಂತ ಹೆಚ್ಚಾಗಿ, ಓದುವ ಮನೆಯೇ ನಿರ್ಧರಿಸುತ್ತದೆ.

ಇವರಿಬ್ಬರ ನಡುವೆ ಪುಸ್ತಕ ಬರೆದು ಹೆಸರಾಗದ ಒಂದು ದೊಡ್ಡ ಗುಂಪಿದೆ. ಅದನ್ನು ಬಿಟ್ಟರೆ ವಿಮರ್ಶೆ ಅರೆಯಾಗುತ್ತದೆ. 1952ರಿಂದ 1962ರವರೆಗೆ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರದ ಕರ್ಕ್‌ಬಿ ಎಂಬಲ್ಲಿ ಮಲಯದ ಉಪಾಧ್ಯಾಯರಿಗಾಗಿಯೇ ಒಂದು ತರಬೇತಿ ಕಾಲೇಜು ನಡೆಯಿತು. ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ ವಸತಿಯೇ ಅವರ ಕಾಲೇಜು. ಮಲಯ, ಚೀನೀ, ಭಾರತೀಯ ಮೂಲದ ಹುಡುಗ ಹುಡುಗಿಯರು ಅಲ್ಲಿ ಎರಡು ವರ್ಷ ಒಂದೇ ಸೂರಿನಡಿ ಇದ್ದು ಕಲಿತು, ಊರಿಗೆ ಹೋಗಿ ಶಾಲೆಗಳಲ್ಲಿ ಪಾಠ ಹೇಳಿದರು. 1956ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಸ್ವಾತಂತ್ರ್ಯದ ಮಾತುಕತೆ ಮುಗಿಸಿದ ತುಂಕು ನೇರವಾಗಿ ಈ ವಿದ್ಯಾರ್ಥಿಗಳ ಬಳಿಗೆ ಹೋಗಿ ಸ್ವಾತಂತ್ರ್ಯದ ದಿನ ಗೊತ್ತಾದ ಸುದ್ದಿ ಹೇಳಿದರು. ಸ್ವದೇಶದಲ್ಲಿ ಅದನ್ನು ಬಹಿರಂಗ ಸಭೆಯಲ್ಲಿ ಸಾರಿದ್ದು ಅದೇ ತಿಂಗಳು, ಆಮೇಲೆ, ಮಲಕ್ಕಾದಲ್ಲಿ. ಮೂರು ಸಲ ಸಮುದ್ರ ದಾಟಿ ಬ್ಯಾರಿಸ್ಟರ್ ಆದವರು ತಮ್ಮ ದೇಶದ ಶುಭ ಸುದ್ದಿಯನ್ನು ಹಂಚಿಕೊಳ್ಳಲು ಮೇಷ್ಟರಾಗಲಿರುವ ಹುಡುಗರನ್ನು ಆರಿಸಿಕೊಂಡದ್ದು ಅವರ ದೊಡ್ಡತನ.

1970ರ ದಶಕದಲ್ಲಿ ಮಲೇಷಿಯಾ ಸರ್ಕಾರ ಇನ್ನೂ ಹೆಚ್ಚು ಮಕ್ಕಳನ್ನು ಹೊರಗೆ ಕಳಿಸತೊಡಗಿತು. ಸರ್ಕಾರದ ಹಣದಲ್ಲಿ ಹೋದವರು ಓದು ಮುಗಿಸಿ ಇಷ್ಟು ವರ್ಷ ಸೇವೆ ಸಲ್ಲಿಸುವೆನೆಂದು ಕರಾರುಪತ್ರಕ್ಕೆ ಸಹಿ ಹಾಕಿ ಹೋಗಬೇಕಿತ್ತು. ಯುರೋಪಿನ ರೈಲುಗಳಲ್ಲಿ ಒಂದೇ ಪಾಸಿನ ಮೇಲೆ ದೇಶದಿಂದ ದೇಶಕ್ಕೆ ಹೋಗುವ 'ಇಂಟರ್‌ರೇಲ್' ವ್ಯವಸ್ಥೆ ಯುರೋಪಿನಲ್ಲಿ ವಾಸವಾಗಿರುವವರಿಗಾಗಿ 1972ರಲ್ಲಿ ಬಂದಿತು. ರಾತ್ರಿ ರೈಲಿನಲ್ಲೇ ಮಲಗಿ ಕೋಣೆಯ ಬಾಡಿಗೆ ಉಳಿಸುವುದು, ಹಗಲು ಊರು ನೋಡುವುದು, ಬ್ರೆಡ್ಡು ಬಾಳೆಹಣ್ಣಿನಲ್ಲಿ ದಿನ ತಳ್ಳುವುದು, ಬಡ ವಿದ್ಯಾರ್ಥಿಯ ದೇಶಾಟನೆಯೆಂದರೆ ಇದೇ. ಅಷ್ಟರಲ್ಲಿ 1979ರಲ್ಲಿ ಬ್ರಿಟನ್ ಸರ್ಕಾರ, ಹೊರದೇಶದ ವಿದ್ಯಾರ್ಥಿಗಳು ಇನ್ನು ಮುಂದೆ ಪೂರ್ತಿ ಖರ್ಚನ್ನು ಶುಲ್ಕವಾಗಿ ಕೊಡಬೇಕು ಎಂದಿತು. 1980ರಿಂದ ಅದು ಜಾರಿಗೆ ಬಂತು. ಮಲೇಷಿಯಾಕ್ಕೆ ಅದು ಬಲವಾದ ಏಟು. 1981ರಲ್ಲಿ ಪ್ರಧಾನಿ ಮಹಾತಿರ್ ಮೊಹಮ್ಮದ್ ಬ್ರಿಟಿಷ್ ಸಾಮಾನುಗಳನ್ನು ಕೊನೆಗೆ ಕೊಳ್ಳಿ ಎಂಬ ಧೋರಣೆ ಸಾರಿದಾಗ, ಅದರ ಹಿಂದಿನ ಕಾರಣಗಳಲ್ಲಿ ಈ ಶುಲ್ಕವೂ ಒಂದು. ವಿದ್ಯಾರ್ಥಿಯ ಫೀಜು ಎರಡು ದೇಶಗಳ ವ್ಯಾಪಾರವನ್ನೇ ಅಲುಗಿಸಿದ್ದುಂಟು ಎಂಬುದನ್ನು ಗೋಪುರಗಳ ಚಿತ್ರ ಬರೆಯುವವರು ನೆನಪಿಡಬೇಕು.

ಈ ಮೂರನೆಯ ಗುಂಪಿನವರು ಬರೆದದ್ದು ಹೆಚ್ಚಾಗಿ ಮನೆಗೆ ಕಾಗದ. ಆ ಕಾಗದಗಳಲ್ಲಿ ಇದ್ದದ್ದೇನು, ಬಿಟ್ಟದ್ದೇನು ಎಂದು ಊಹಿಸಲು ನಾವು ಮಲೇಷಿಯಾದವರೆಗೆ ಹೋಗಬೇಕಾಗಿಲ್ಲ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇವತ್ತು ಜರ್ಮನಿ, ಐರ್ಲೆಂಡ್, ಇಂಗ್ಲೆಂಡುಗಳಲ್ಲಿ ಓದುತ್ತಿದ್ದಾರೆ. ಮಲೇಷಿಯಾದ ಪಾಸ್‌ಪೋರ್ಟ್ ಇದ್ದವನು ಯುರೋಪಿನ ಹೆಚ್ಚಿನ ದೇಶಗಳಿಗೆ ಅಲ್ಪಾವಧಿಗೆ ವೀಸಾ ಇಲ್ಲದೆಯೇ ಹೋಗಿ ಬರಬಹುದು. ನಮ್ಮ ಮಕ್ಕಳಿಗೆ ಆ ಸವಲತ್ತಿಲ್ಲ. ಜರ್ಮನಿಗೆ ಓದಲು ಹೊರಟವನು ಸಾಮಾನ್ಯವಾಗಿ ಒಂದು ವರ್ಷದ ಊಟ ವಸತಿಯ ಹಣವನ್ನು ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು. ಆ ಹಣ ಎಲ್ಲಿಂದ ಬರುತ್ತದೆಂದು ಬಲ್ಲೆವು: ಊರಿನ ಸೈಟು ಮಾರಿದ್ದು, ಬ್ಯಾಂಕಿನ ಸಾಲ, ಅಮ್ಮನ ಬಳೆ.

ನಮ್ಮ ವಸತಿ ಸಮುಚ್ಚಯದಲ್ಲೇ ಒಬ್ಬ ಗೃಹಸ್ಥರ ಮಗ ಹಾಗೆ ಹೋದ. ವಾರವಾರವೂ ನದಿಯ ಮೇಲಿನ ಸೇತುವೆ, ಹಳೆಯ ಕೋಟೆ, ಹಿಮದ ಬೀದಿ, ಹೀಗೆ ಫೋಟೋಗಳು ಬರುತ್ತಿದ್ದವು. ತಾಯಿ ಅವುಗಳನ್ನು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. ಎರಡು ವಿಷಯಗಳಲ್ಲಿ ಅವನು ಫೇಲಾಗಿದ್ದ, ಒಂದು ಇಡೀ ಚಳಿಗಾಲ ಉಗ್ರಾಣವೊಂದರಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಹೊತ್ತಿದ್ದ ಎಂಬುದು ಮನೆಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ, ಅದೂ ಬೇರೆಯವರ ಬಾಯಿಂದ. 'ನನಗೆ ಒಂದು ಮಾತು ಹೇಳಬಾರದಿತ್ತೇ?' ಎಂದು ಅವರು ಕೇಳಿದರಂತೆ. ಮಗ ಹೇಳಿದನಂತೆ: 'ಅಪ್ಪಾ, ನೀವು ಒಂದು ಸಲವೂ ಪಾಸಾಯಿತೇ ಎಂದಲ್ಲದೆ ಬೇರೆ ಏನೂ ಕೇಳಲಿಲ್ಲವಲ್ಲ.' ಈಗ ಆ ವಿಷಯಗಳನ್ನು ಮತ್ತೆ ಬರೆದು ಪಾಸು ಮಾಡಿದ್ದಾನೆ, ಸಂತೋಷ. ಆದರೆ ಆ ಚಳಿಗಾಲವನ್ನು ಅವನು ಒಬ್ಬನೇ ಕಳೆಯಬೇಕಾಯಿತಲ್ಲ ಎಂಬುದು ಆ ತಂದೆಯ ಮನಸ್ಸಿನಲ್ಲಿ ಇನ್ನೂ ಉಳಿದಿದೆ.

ಕನ್ನಡದಲ್ಲೂ ವಿದೇಶಕ್ಕೆ ಓದಲು ಹೋದವರಿದ್ದಾರೆ, ಬರೆದವರೂ ಇದ್ದಾರೆ. ಒಂದು ಉದಾಹರಣೆ ಇಲ್ಲಿ ಸಲ್ಲುತ್ತದೆ. ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಬರೆದದ್ದು ಇಂಗ್ಲೆಂಡಿನ ಗೋಪುರಗಳ ಕಥೆಯನ್ನಲ್ಲ; ದೂರ್ವಾಸಪುರದ ಅಗ್ರಹಾರದ ಕಥೆಯನ್ನು. ಅದೇ 1965ರಲ್ಲಿ ಪ್ರಕಟವಾದ 'ಸಂಸ್ಕಾರ'. ದೂರ ಹೋದ ವಿದ್ಯಾರ್ಥಿಗೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಬಿಟ್ಟು ಬಂದ ಮನೆಯೇ. ತುಂಕು, ಲೀ ಇಬ್ಬರಿಗೂ ಹಾಗೆಯೇ ಆಯಿತು. ತನ್ನ ದೇಶದ ಬಗ್ಗೆ ಇಬ್ಬರೂ ಗಟ್ಟಿಯಾಗಿ ಯೋಚಿಸಲು ಕಲಿತದ್ದು ಇಂಗ್ಲೆಂಡಿನ ಚಳಿಯಲ್ಲಿ. 1950ರಲ್ಲಿ ಲಂಡನ್ನಿನ ಮಲಯ ವಿದ್ಯಾರ್ಥಿಗಳ ವೇದಿಕೆಯಲ್ಲಿ ಲೀ ಮಾಡಿದ ಭಾಷಣದ ವಿಷಯವೇ 'ಮರಳಿದ ವಿದ್ಯಾರ್ಥಿ' ಎಂದಿತ್ತು: ಓದಿ ಊರಿಗೆ ಹೋದವರು ಅಲ್ಲಿ ಏನು ಮಾಡಬೇಕು ಎಂಬುದು.

ಹಾಗಾದರೆ ಈ ಎರಡರಲ್ಲಿ ಯಾವುದು ಮೇಲು? ಮಾಹಿತಿಗೆ, ಖಚಿತತೆಗೆ, ಕಾಲದ ಚಿತ್ರಕ್ಕೆ ಲೀ ಅವರದೇ ಮೇಲು. ಇದರಲ್ಲಿ ಎರಡು ಮಾತಿಲ್ಲ. ಆದರೂ ಮಗನನ್ನೋ ಮಗಳನ್ನೋ ಹೊರಗೆ ಕಳಿಸಿದ ಮನೆಯವರು ಮೊದಲು ತುಂಕು ಅವರ ಮಾತುಗಳನ್ನು ಓದಲಿ ಎನ್ನುತ್ತೇವೆ. ಅವರಂತೆ ಮೂರು ಸಲ ಹಡಗು ಹತ್ತಿಸುವ ಶಕ್ತಿ ನಮಗಿಲ್ಲ. ಆದರೆ ಅವರ ಹಿಂದೆ ಇದ್ದ ಸಂಪತ್ತಿನಲ್ಲಿ ಒಂದು ಭಾಗ ಹಣದ್ದಲ್ಲ. ಬಿದ್ದ ಸುದ್ದಿಯನ್ನು ಕೇಳಿಯೂ ಬಾಗಿಲು ಹಾಕದ ಮನೆ ಅವರಿಗಿತ್ತು. ಅದನ್ನು ಒದಗಿಸಲು ಸುಲ್ತಾನನೇ ಆಗಬೇಕೆಂದಿಲ್ಲ, ವೇತನ ಆಯೋಗದ ವರದಿಗೂ ಕಾಯಬೇಕಾಗಿಲ್ಲ.

ಕೊನೆಗೆ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ವಿನಂತಿ. ವಿದೇಶದಲ್ಲಿ ಓದಿ ಬಂದ ನಮ್ಮ ಮಕ್ಕಳನ್ನು ವೇದಿಕೆಗೆ ಕರೆದು ಹಾರ ಹಾಕಿ, ಅಲ್ಲಿಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವ ಪದ್ಧತಿ ಇದೆ. ಮುಂದಿನ ಸಲ ಚಿತ್ರಗಳು ಮುಗಿದ ಮೇಲೆ ಅವರಿಗೆ ಹತ್ತು ನಿಮಿಷ ಹೆಚ್ಚು ಕೊಟ್ಟು, ಯಾವ ವಿಷಯದಲ್ಲಿ ಫೇಲಾದಿರಿ, ಬಾಡಿಗೆ ಹೇಗೆ ಕಟ್ಟಿದಿರಿ, ಮನೆಗೆ ಏನನ್ನು ಬರೆಯಲಿಲ್ಲ ಎಂದು ಕೇಳೋಣ. ಮುಂದಿನ ಸಾಲಿನಲ್ಲಿ ಕುಳಿತ ತಂದೆತಾಯಿಗಳು ಆ ಉತ್ತರಕ್ಕೂ ಚಪ್ಪಾಳೆ ತಟ್ಟಲಿ.